ಅಘನಾಶಿನಿಯ ಕಣಿವೆ, ಅಥವಾ ಜಲಪಾತವನ್ನು ನೋಡುವ ಕ್ರಮ

ಜಲಪಾತವನ್ನು ಕಾಣಬೇಕೆಂಬ ಆಶೆ ಯಾರಿಗೆ ತಾನೇ ಇಲ್ಲ? ಮಳೆಗಾಲದಲ್ಲಿ ಒಂದೆರಡು ದಿನ ಬಿಡುವು ದೊರೆತರೆ ನಮ್ಮ ನಾಡಿನ ಜನರು ಜೋಗಕ್ಕೆ ಹೊರಡುವರು. ಅಲ್ಲಿ ಕಟಕಟೆಯ ಬಳಿ ನಿಂತು, ನೀರು ಬೀಳುವುದನ್ನು ಕಾಲುಗಂಟೆ ನೋಡಿ, ಭಾವಚಿತ್ರ ತೆಗೆದುಕೊಂಡು ಹಿಂದಿರುಗುವರು. ಇದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಗ್ರಂಥದ ಒಂದೇ ಪುಟವನ್ನು ತೆರೆದು ನೋಡಿದವರು ಆ ಗ್ರಂಥವನ್ನು ಓದಿದೆವೆಂದು ಹೇಳಲಾರರಷ್ಟೆ. ಜಲಪಾತವು ಹೊಳೆಯೆಂಬ ಗ್ರಂಥದ ಒಂದು ಪುಟ. ಅದರ ಹಿಂದೆ ಕಾಡುಂಟು, ಕೆಳಗೆ ಕಮರಿಯುಂಟು, ಮುಂದೆ ಗದ್ದೆಯೂ ಅಳಿವೆಯೂ ಉಂಟು. ಇವೆಲ್ಲವನ್ನು ಸೇರಿಸಿ ಓದಿದರೆ ಮಾತ್ರವೇ ಜಲಪಾತದ ಅರ್ಥವು ತಿಳಿಯುವುದು. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಹೊಳೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಕ್ರಮವನ್ನು ವಿವರಿಸುವೆವು.

1. ಹೊಳೆಯ ದಾರಿ

ಶಿರಸಿ ಪಟ್ಟಣದೊಳಗೆ ಶಂಕರಹೊಂಡವೆಂಬ ಕೊಳವಿದೆ. ಅಘನಾಶಿನಿಯ ಒಂದು ಕವಲು ಅಲ್ಲಿಂದ ಹೊರಡುವುದು. ಇನ್ನೊಂದು ಮಂಜುಗುಣಿಯ ಕಡೆಯಿಂದ ಬಂದು ಅದನ್ನು ಕೂಡುವುದು. ಮೊದಲು ಅಡಕೆತೋಟಗಳ ನಡುವೆ ಮೆಲ್ಲಗೆ ಹರಿಯುವ ಈ ಹೊಳೆಯು ಸಿದ್ದಾಪುರ ತಾಲೂಕಿನ ಹೆಗ್ಗರಣಿಯ ಸಮೀಪದಲ್ಲಿ ಸುಮಾರು 116 ಮೀಟರ್, ಅಂದರೆ 380 ಅಡಿ ಎತ್ತರದಿಂದ ಧುಮುಕುವುದು. ಇದೇ ಉಂಚಳ್ಳಿ ಜಲಪಾತ. 1845ರಲ್ಲಿ ಲಷಿಂಗ್ಟನ್ ಎಂಬ ಆಂಗ್ಲ ಅಧಿಕಾರಿಯು ಇದನ್ನು ಕಂಡನೆಂದು ಆಂಗ್ಲರು ಅವನ ಹೆಸರನ್ನೇ ಇದಕ್ಕಿಟ್ಟರು. ಊರವರು ಇದನ್ನು ಕೆಪ್ಪಜೋಗವೆನ್ನುವರು. ಆ ಸೀಮೆಯಲ್ಲಿ ಜೋಗವೆಂದರೆ ಜಲಪಾತ. ಬಳಿಯಲ್ಲಿ ನಿಂತವರ ಕಿವಿಯನ್ನು ಕೆಪ್ಪು ಮಾಡುವಷ್ಟು ಸದ್ದುಳ್ಳದ್ದು ಕೆಪ್ಪಜೋಗ. ಎರಡು ಹೆಸರುಗಳಲ್ಲಿ ಯಾವುದು ಹೆಚ್ಚು ನಿಜವಾದದ್ದೆಂಬುದನ್ನು ಅಲ್ಲಿ ನಿಂತವರಿಗೆ ಬೇರೆ ಹೇಳಬೇಕಾಗಿಲ್ಲ. ಜಲಪಾತದ ಕೆಳಗೆ ಹೊಳೆಯು ಆಳವಾದ ಕಮರಿಯೊಳಗೆ ಸಾಗಿ, ಕಾಡನ್ನು ದಾಟಿ, ಕುಮಟಾ ಮತ್ತು ಗೋಕರ್ಣಗಳ ನಡುವೆ ತದಡಿಯಲ್ಲಿ ಅರಬ್ಬೀ ಸಮುದ್ರವನ್ನು ಸೇರುವುದು.

2. ಜಲಪಾತವೂ ಕಮರಿಯೂ ಆದ ಬಗೆ

ಸುಮಾರು 9 ಕೋಟಿ ವರ್ಷಗಳ ಹಿಂದೆ ನಮ್ಮ ಪಡುವಣ ಕರೆಗೆ ಮಡಗಾಸ್ಕರದ ನೆಲವು ಅಂಟಿಕೊಂಡಿತ್ತು. ಅದು ಒಡೆದು ದೂರ ಸರಿಯಿತು. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪಗಳ ಕಂಬದಂಥ ಕಲ್ಲುಗಳು ಆ ಕಾಲದ ಬೆಂಕಿಯ ಕುರುಹುಗಳು. ನೆಲವು ಒಡೆದ ಕಡೆಯಲ್ಲಿ ಕಡಿದಾದ ಅಂಚು ಉಂಟಾಯಿತು. ಮಳೆಯೂ ಹೊಳೆಗಳೂ ಆ ಅಂಚನ್ನು ಸವೆಯಿಸುತ್ತ ಬಂದುದರಿಂದ ಅದು ಕಡಲಿನಿಂದ ಮೂಡಣಕ್ಕೆ ಸರಿದು, ಈಗಿನ ಸಹ್ಯಾದ್ರಿಯ ಘಟ್ಟವಾಗಿ ನಿಂತಿದೆ.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳ ನೆಲವು ಕಡಲಿಗಿಂತ ಸುಮಾರು ಐನೂರು ಮೀಟರ್ ಎತ್ತರದಲ್ಲಿದೆ. ಕಡಲಾದರೋ ಬಹು ಹತ್ತಿರ. ಆದಕಾರಣ ಪಡುವಣಕ್ಕೆ ಹರಿಯುವ ಹೊಳೆಗಳು ಕೆಲವೇ ಹರದಾರಿಗಳಲ್ಲಿ ಈ ಎತ್ತರವನ್ನೆಲ್ಲ ಇಳಿಯಬೇಕು. ಗಟ್ಟಿ ಬಂಡೆಯು ಅಡ್ಡವಾದಲ್ಲಿ ನೀರು ಅದನ್ನು ಬೇಗ ಸವೆಯಿಸಲಾರದೆ ಮೇಲಿನಿಂದ ಧುಮುಕುವುದು. ಧುಮುಕಿದ ನೀರು ಬುಡದಲ್ಲಿ ಮಡುವನ್ನು ತೋಡುವುದು. ಬಂಡೆಯ ಬಿರುಕುಗಳೊಳಗೆ ನೀರಿಳಿದು, ಬುಡವು ಸಡಿಲವಾಗಿ, ಮೇಲಿನ ಬಂಡೆಯು ಆಧಾರ ತಪ್ಪಿ ಉರುಳುವುದು. ಹೀಗೆ ಜಲಪಾತವು ಯುಗಯುಗಗಳಲ್ಲಿ ಹಿಂದೆ ಹಿಂದೆ ಸರಿಯುವುದು. ಅದು ಬಿಟ್ಟುಬಂದ ದಾರಿಯೇ ಕಮರಿ. ನೋಡುವವರು ಕಮರಿಯ ಉದ್ದವನ್ನು ಕಂಡಾಗ, ಜಲಪಾತವು ನಡೆದುಬಂದ ದಾರಿಯನ್ನೇ ಕಾಣುತ್ತಿರುವೆವೆಂದು ತಿಳಿಯಬೇಕು.

3. ಕಾಡಿನ ಕೆಲಸ

ಘಟ್ಟದಲ್ಲಿ ಮಳೆಯ ಹೆಚ್ಚಿನ ಭಾಗವು ಜೂನಿನಿಂದ ಸೆಪ್ಟೆಂಬರದ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುವುದು. ಹಾಗಾದರೆ ಬೇಸಗೆಯಲ್ಲಿ ಹೊಳೆಗೆ ನೀರೆಲ್ಲಿಂದ? ಕಾಡೇ ಇದಕ್ಕೆ ಉತ್ತರ. ಮರಗಳ ಎಲೆಗಳು ಮಳೆಯ ಹೊಡೆತವನ್ನು ತಡೆಯುವುವು. ತರಗೆಲೆಯ ಹಾಸು ನೀರನ್ನು ಹೀರುವುದು. ಬೇರುಗಳ ದಾರಿಯಿಂದ ನೀರು ನೆಲದೊಳಗಿಳಿದು ತಿಂಗಳುಗಟ್ಟಲೆ ಒರತೆಗಳಾಗಿ ಹೊರಡುವುದು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಾತಿಯ ಮರಗಳು ಕೆಸರಿನಲ್ಲಿ ನಿಂತು, ಉಸಿರಾಟಕ್ಕಾಗಿ ಮಡಿಸಿದ ಮೊಣಕಾಲಿನಂತೆ ಬೇರುಗಳನ್ನು ಮೇಲೆತ್ತಿರುವುವು. ಇಂಥ ಜಡ್ಡಿಗಳು ನೀರಿನ ಕಣಜಗಳು. ಇಲ್ಲಿಯ ಕಾಡುಗಳಲ್ಲಿ ಸಿಂಗಳೀಕವೆಂಬ ಕೋತಿ ವಾಸಿಸುವುದು. ಪಶ್ಚಿಮ ಘಟ್ಟದ ಹೊರತು ಭೂಮಿಯ ಮೇಲೆ ಇದಕ್ಕೆ ಬೇರೆ ನೆಲೆಯಿಲ್ಲ. ಅದಕ್ಕಾಗಿಯೇ 2011ರಲ್ಲಿ ಅಘನಾಶಿನಿಯ ಕಾಡುಗಳನ್ನು ಸಿಂಗಳೀಕದ ಸಂರಕ್ಷಣೆಯ ಪ್ರದೇಶವೆಂದು ಸರಕಾರವು ಸಾರಿತು.

4. ಇಬ್ಬರು ಅಕ್ಕತಂಗಿಯರು

ಅಘನಾಶಿನಿಗೆ ತೆಂಕಣದಲ್ಲಿ ಶರಾವತಿಯು ಹರಿಯುವುದು. ಇವೆರಡೂ ಒಂದೇ ಘಟ್ಟವನ್ನಿಳಿದು ಒಂದೇ ಕಡಲನ್ನು ಸೇರುವ ಅಕ್ಕತಂಗಿಯರಂತಿವೆ. ಆದರೆ ಇವರ ಬಾಳು ಒಂದೇ ತರದ್ದಾಗಲಿಲ್ಲ. ಜೋಗದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ 253 ಮೀಟರ್ ಬೀಳುತ್ತಿದ್ದ ಶರಾವತಿಯು 1948ರಲ್ಲಿ ವಿದ್ಯುಚ್ಛಕ್ತಿಯ ಕೆಲಸಕ್ಕೆ ನಿಂತಳು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಬೇಸಗೆಯಲ್ಲಿ ಜೋಗದ ಬಂಡೆಗಳು ಬಹುಮಟ್ಟಿಗೆ ಬರಿದಾಗಿ ಕಾಣುವುವು.

ನಮ್ಮ ಮಕ್ಕಳು ರಾತ್ರಿ ಪಾಠವನ್ನೋದುವ ದೀಪದಲ್ಲಿ ಶರಾವತಿಯ ಪಾಲಿದೆ. ಇದನ್ನು ಮರೆತು ಅಣೆಕಟ್ಟನ್ನು ಹಳಿಯುವುದು ಕೃತಘ್ನತೆ. ಆದರೆ ಆ ಬೆಳಕಿಗಾಗಿ ಹಳ್ಳಿಗಳು ಮುಳುಗಿದುವು, ಸಾವಿರಾರು ಕುಟುಂಬಗಳು ತಮ್ಮ ಮನೆಯಂಗಳವನ್ನು ಬಿಟ್ಟುಹೋದುವು. ಇದನ್ನು ಮರೆಯುವುದೂ ಕೃತಘ್ನತೆಯೇ.

ಇನ್ನೊಂದು ವಿಷಯವು ಅಳಿವೆಗಳಲ್ಲಿ ತೋರುವುದು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ಹಿಂದಕ್ಕೆ ತಳ್ಳುವುದು. ಬೇಸಗೆಯಲ್ಲಿ ಉಪ್ಪುನೀರು ಒಳಗೆ ಬರುವುದು. ಈ ಕೊಡುಕೊಳ್ಳುವಿಕೆಯನ್ನು ನಂಬಿಯೇ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಕಗ್ಗವೆಂಬ ಭತ್ತ ಬೆಳೆಯುವುದು, ಕಾಂಡ್ಲ ಮರಗಳ ನೆರಳಲ್ಲಿ ಮೀನುಮರಿಗಳು ಬಲಿಯುವುವು. ಗಂಡಸರೂ ಹೆಂಗಸರೂ ನೀರಿಗಿಳಿದು ಬೆಳಚು ಎಂಬ ಚಿಪ್ಪನ್ನು ಹೆಕ್ಕಿ ಸಂಸಾರ ನಡೆಯಿಸುವರು. ಶರಾವತಿಯಲ್ಲಿಯಾದರೋ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿಯುವುದರಿಂದ ಅಳಿವೆಯ ಉಪ್ಪು ತಗ್ಗಿ, ಬೆಳಚುಗಳು ಬಹಳವಾಗಿ ಕುಗ್ಗಿದುವು. ಘಟ್ಟದ ಮೇಲೆ ತಿರುಗಿಸಿದ ಒಂದು ಬಾಗಿಲು ಕಡಲ ಕರೆಯ ಅಡಿಗೆಮನೆಯನ್ನು ಮುಟ್ಟುವುದೆಂದು ಇದರಿಂದ ಕಲಿಯುವೆವು. ಅಘನಾಶಿನಿಯ ಅಳಿವೆಯು ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ವಾರ್ತೆಯು 2024ರಲ್ಲಿ ಪ್ರಕಟವಾಯಿತು. ಅದರೂ ಈ ಹೊಳೆಯ ನೀರನ್ನು ಬೇರೆ ಕಡೆಗೆ ತಿರುಗಿಸುವ ಮಾತು ಆಗಾಗ್ಗೆ ಏಳುತ್ತಿರುವುದು.

5. ಹೋಗುವವರಿಗೆ ಕೆಲವು ಸೂಚನೆಗಳು

ಮಳೆ ಹಿಂದೆಗೆದ ಮೇಲೆ, ಅಂದರೆ ಅಕ್ಟೋಬರದಿಂದ ಡಿಸೆಂಬರದ ವರೆಗೆ, ಈ ಕಣಿವೆಯಲ್ಲಿ ನಡೆಯಲು ಒಳ್ಳೆಯ ಕಾಲ. ಆಗ ಧಾರೆಯೂ ತುಂಬಿರುವುದು, ದಾರಿಯೂ ತಕ್ಕಮಟ್ಟಿಗೆ ಆರಿರುವುದು. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳತಕ್ಕದ್ದು. ಅರಣ್ಯ ಇಲಾಖೆಯ ಅಪ್ಪಣೆ ಬೇಕಾದಲ್ಲಿ ಮೊದಲೇ ಪಡೆಯತಕ್ಕದ್ದು. ಉಂಬಳಗಳು ಕಾಲಿಗೆ ಹತ್ತಿದರೆ ಗಾಬರಿಪಡಬೇಕಾಗಿಲ್ಲ. ಚೂರು ಉಪ್ಪು ಸಾಕು. ಹಾವಸೆ ಹಿಡಿದ ಬಂಡೆಯ ಮೇಲೆ ಕಾಲಿಡಬಾರದು. ಜಲಪಾತದ ಬುಡದ ಮಡುವಿಗೆ, ಈಜು ಬಲ್ಲವರಾದರೂ, ಇಳಿಯಲೇಬಾರದು. ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಕಡೆಯಲ್ಲಿ ಮಳೆ ಸುರಿದರೆ ಹೊಳೆಯು ಕ್ಷಣಮಾತ್ರದಲ್ಲಿ ಏರುವುದು. ನೀರು ಕೆಂಪಾಗುತ್ತ ಬಂದರೆ ಕೂಡಲೆ ದಡಕ್ಕೆ ಸರಿಯಬೇಕು. ಕತ್ತಲಾಗುವ ಮೊದಲು ಹಿಂದಿರುಗಬೇಕು. ಒಯ್ದ ಕಾಗದ, ಪ್ಲಾಸ್ಟಿಕ್ಕುಗಳನ್ನೆಲ್ಲ ಹಿಂದಕ್ಕೆ ತರಬೇಕು.

ಹೆಣ್ಣುಮಕ್ಕಳಿಗೆ ಈ ಕಾಡಿನ ನಡಿಗೆ ಏಕೆಂದು ಕೇಳುವ ತಾಯಿತಂದೆಗಳು ಇಂದಿಗೂ ಉಂಟು. ಅವರ ಅಂಜಿಕೆಯನ್ನು ನಾವು ಹಗುರವಾಗಿ ಎಣಿಸುವವರಲ್ಲ. ಮೇಲಿನ ಸೂಚನೆಗಳನ್ನು ಬರೆದುದೂ ಅದಕ್ಕಾಗಿಯೇ. ಆದರೆ ಮನೆಯಲ್ಲಿ ನೀರು ತುಂಬುವವಳೂ ದೀಪ ಹಚ್ಚುವವಳೂ ಹೆಚ್ಚಾಗಿ ಹೆಂಗಸೇ. ಹೊಳೆಗಳ ವಿಷಯದಲ್ಲಿ ನಾಳೆ ಮತ ಕೊಡುವವಳೂ, ಪಂಚಾಯತಿಯಲ್ಲಿ ಕುಳಿತು ಮಾತಾಡುವವಳೂ ಅವಳೇ. ನೀರು ಎಲ್ಲಿಂದ ಬಂದಿತು, ಯಾರ ಪಾಲಿನಿಂದ ಬಂದಿತು ಎಂಬುದನ್ನು ತಿಳಿಯದವಳು ಅದರ ನ್ಯಾಯವನ್ನು ಹೇಗೆ ಹೇಳುವಳು? ಆದುದರಿಂದ ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳನ್ನು ಒಂದು ಸಾರಿಯಾದರೂ ಶಿರಸಿಯ ಹೊಂಡದಿಂದ ತದಡಿಯ ಅಳಿವೆಯ ವರೆಗೆ, ಬೇಕಾದರೆ ಎರಡು ಮೂರು ರಜೆಗಳಲ್ಲಿ ತುಂಡುತುಂಡಾಗಿಯಾದರೂ, ಕರೆದುಕೊಂಡು ಹೋಗಲಿ ಎಂಬುದೇ ನಮ್ಮ ಕೋರಿಕೆ.