ವೇರಿಯನ್ಸ್ ನೀನೇ ಬರೆಯಬೇಡಮ್ಮ

ನೋಡಮ್ಮ, ನಿನ್ನ ಹೊಸ ಪ್ಯಾಕೇಜಿನ ಕೋಡನ್ನು ನಿನ್ನೆ ರಾತ್ರಿ ಪೂರ್ತಿ ಓದಿದೆ. ಮಾಡೆಲ್ ಭಾಗ ತುಂಬ ಚೆನ್ನಾಗಿ ಬಂದಿದೆ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ಮಾತು ಇರುವುದು ಅದಕ್ಕೆಂದು ನೀನೇ ಬರೆದುಕೊಂಡಿರುವ ವೇರಿಯನ್ಸ್ ಫಂಕ್ಷನ್ ಬಗ್ಗೆ.

ಅದಕ್ಕೆ 100000001, 100000002, 100000003 ಈ ಮೂರು ಸಂಖ್ಯೆ ಕೊಟ್ಟು ನೋಡು. ಉತ್ತರ 1 ಎಂದು ಬಾಯಲ್ಲೇ ಹೇಳಬಹುದು. ನಿನ್ನ ಫಂಕ್ಷನ್ ಸೊನ್ನೆ ಕೊಡುತ್ತದೆ. ವರ್ಗಗಳನ್ನೆಲ್ಲ ಕೂಡಿ, ಮೊತ್ತದ ವರ್ಗವನ್ನು ಎಣಿಕೆಯಿಂದ ಭಾಗಿಸಿ ಕಳೆಯುವ ಸೂತ್ರ ಕಾಗದದ ಮೇಲೆ ಸರಿಯೇ. ಆದರೆ ಇಲ್ಲಿ ಒಂದೊಂದು ವರ್ಗವೂ 17 ಅಂಕಿಯದು. 64 ಬಿಟ್ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ನೆಚ್ಚಬಹುದಾದದ್ದು ಹದಿನೈದು, ಹದಿನಾರು ಅಂಕಿ ಅಷ್ಟೆ. ನಮಗೆ ಬೇಕಾದ ವ್ಯತ್ಯಾಸ ಕೂತಿರುವುದೇ ಕೊನೆಯ ಅಂಕಿಯಲ್ಲಿ, ಉದುರಿಹೋಗುವುದೂ ಅದೇ. ಮೊದಲು ಸರಾಸರಿ ಕಳೆದು ಆಮೇಲೆ ವರ್ಗ ಮಾಡಿದ್ದರೆ ಉಳಿಯುತ್ತಿತ್ತು. ನಾನೂ ನಿನ್ನ ವಯಸ್ಸಿನಲ್ಲಿ ಇದೇ ತಪ್ಪು ಮಾಡಿದ್ದೆ. ಗೊತ್ತಾದದ್ದು ವರದಿ ಅಚ್ಚಾಗಿ ಹೋದಮೇಲೆ. ಆ ಸಂಕಟ ನಿನಗೆ ಬೇಡ.

ಇದು ಹಳೆಯ ಕಾಯಿಲೆ. 1967ರಲ್ಲಿ ಅಮೆರಿಕದ ಲಾಂಗ್ಲಿ ಎಂಬುವರು ಅಲ್ಲಿನ ಉದ್ಯೋಗದ 16 ವರ್ಷದ ಅಂಕಿಅಂಶ ಹಿಡಿದು ರಿಗ್ರೆಷನ್ ಲೆಕ್ಕವನ್ನು ಕೈಯಲ್ಲೇ ಮಾಡಿ, ಅದನ್ನೇ ಆಗಿನ ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಕೊಟ್ಟರು. ಒಂದರ ಉತ್ತರ ಇನ್ನೊಂದಕ್ಕೆ ಕೂಡಲಿಲ್ಲ. ಆ ಅಂಕಿಅಂಶ ಇವತ್ತಿಗೂ ಆರ್ ಭಾಷೆಯಲ್ಲಿ ಅವರ ಹೆಸರಿನಲ್ಲೇ ಇದೆ, ನಿನ್ನ ರಿಗ್ರೆಷನ್ನನ್ನು ಅದರ ಮೇಲೊಮ್ಮೆ ಓಡಿಸು.

ಅದಕ್ಕೇ ಎಲ್ಲರೂ ಹಂಚಿಕೊಳ್ಳುವ ಲೈಬ್ರರಿ ಬೇಕು. ಮ್ಯಾಟ್ರಿಕ್ಸ್ ಲೆಕ್ಕಕ್ಕೆ 1979ರಲ್ಲಿ ಬ್ಲಾಸ್, ಲಿನ್‌ಪ್ಯಾಕ್, 1992ರಲ್ಲಿ ಲಪ್ಯಾಕ್ ಹೊರಬಂದವು. ಆರ್, ಪೈಥಾನಿನ ಸೈಪೈ, ಜೂಲಿಯಾ ಭಾಷೆ ಮೂರೂ ಈ ಲೆಕ್ಕಕ್ಕೆ ಲಪ್ಯಾಕನ್ನೇ ನಂಬಿವೆ. ಎಲ್ಲರೂ ಒಂದೇ ಬಾವಿಯ ನೀರು ಸೇದಿದರೆ ಬಾವಿ ಕೆಟ್ಟಾಗ ಎಲ್ಲರಿಗೂ ತೊಂದರೆ ಎನ್ನುತ್ತೀಯ. ನಿಜ. ಆದರೆ ಸಾವಿರ ಜನ ಸೇದುವ ಬಾವಿ ಕೆಟ್ಟರೆ ಬೇಗ ಗೊತ್ತಾಗುತ್ತದೆ, ಒಂದು ಸಲ ತೊಳೆದರೆ ಎಲ್ಲರಿಗೂ ಆಯಿತು.

ಹೀಗೆ ಹಂಚಿಕೊಳ್ಳಬೇಕಾದರೆ ಲೆಕ್ಕದ ಕೋಡು ಯಾರ ಮನೆಗೂ ಅಂಟಿಕೊಂಡಿರಬಾರದು. ನಾರ್ಮಲ್, ಗಾಮಾ, ಬೈನಾಮಿಯಲ್ ಡಿಸ್ಟ್ರಿಬ್ಯೂಷನ್‌ಗಳ ಆರ್‌ಮ್ಯಾಥ್ ನೋಡು. ಆರ್‌ನ ಒಳಗೇ ಬೆಳೆದ ಸಿ ಕೋಡು ಅದು, ಆದರೂ ಆರ್ ಇಲ್ಲದೆಯೇ ಬೇರೆ ಲೈಬ್ರರಿಯಾಗಿ ಕಟ್ಟಿಕೊಳ್ಳಬಹುದು. ಜೂಲಿಯಾದವರು ಅದನ್ನು ಬಳಸಿಕೊಂಡದ್ದು ಹಾಗೆಯೇ. ನಿನ್ನ ಕೋಡಿನಲ್ಲಿ ಲೆಕ್ಕ ಮಾಡುವ ಸಾಲಿನ ನಡುವೆಯೇ ಕಾಣೆಯಾದ ಮೌಲ್ಯದ ತಪಾಸಣೆ, ಬಳಕೆದಾರರಿಗೆ ಎಚ್ಚರಿಕೆ, ಟೇಬಲಿನ ಕಾಲಂ ಹೆಸರು ಎಲ್ಲ ಕಲಸಿಕೊಂಡಿವೆ. ಅವನ್ನೆಲ್ಲ ಹೊರಗಿನ ಪದರಕ್ಕೆ ತೆಗೆ. ಒಳಗೆ ಸಂಖ್ಯೆಗಳ ಸಾಲು ಹೋಗಲಿ, ಉತ್ತರದ ಸಂಖ್ಯೆಯೂ, ತಪ್ಪಾದರೆ ಒಂದು ಎರರ್ ಕೋಡೂ ಹೊರಬರಲಿ, ಅಷ್ಟು ಸಾಕು. ಆಗ ಪೈಥಾನಿನವರೂ ತಗೊಳ್ಳಬಹುದು.

ಲೈಸೆನ್ಸನ್ನು ಮೊದಲೇ ಯೋಚಿಸು. ಆರ್‌ಮ್ಯಾಥ್ ಜಿಪಿಎಲ್, ಸೈಪೈ ಬಿಎಸ್‌ಡಿ. ಹಾಗಾಗಿ ಆರ್‌ಮ್ಯಾಥ್‌ನ ಒಳ್ಳೆಯ ಕೋಡನ್ನು ಸೈಪೈನವರು ಹಾಗೇ ಎತ್ತಿಕೊಳ್ಳುವಂತಿಲ್ಲ. ಒಂದೇ ಡಿಸ್ಟ್ರಿಬ್ಯೂಷನ್ನನ್ನು ಜನ ಮತ್ತೆ ಮತ್ತೆ ಬರೆಯುತ್ತಿರುವುದಕ್ಕೆ ಇದೂ ಒಂದು ಕಾರಣ, ನನಗೆ ಬಹಳ ಬೇಸರದ ವಿಷಯ.

ಇನ್ನೊಂದು ಮಾತು. ಹಂಚಿದ ರೂಟೀನಿನಲ್ಲಿ ತಪ್ಪು ಸಿಕ್ಕರೆ ನಿನ್ನ ಪ್ರತಿಯಲ್ಲಿ ಮಾತ್ರ ತಿದ್ದಿಕೊಂಡು ಸುಮ್ಮನಾಗಬೇಡ. ಯಾವ ಸಂಖ್ಯೆಗೆ ಏನು ಬಂತು, ಏನು ಬರಬೇಕಿತ್ತು ಎಂದು ಬರೆದು ಅದರ ಮೂಲದವರಿಗೆ ಕಳಿಸು. ಮೇಲಿನ ಮೂರು ಸಂಖ್ಯೆಯನ್ನು ಇವತ್ತೇ ನಿನ್ನ ಟೆಸ್ಟ್ ಫೈಲಿಗೆ ಸೇರಿಸಿಬಿಡಮ್ಮ.