ದೇವರ ಹಣ, ಲೆಕ್ಕದ ಪುಸ್ತಕ

ನಾಲ್ಕು ಕನ್ನಡ ಕುಟುಂಬಗಳು ಕೂಡಿದೆಡೆ ಭಜನಾ ಮಂಡಳಿಯೊಂದು ಹುಟ್ಟುವುದು ಪುಣೆಯಲ್ಲಿ ಹೊಸದಲ್ಲ. ಆರಂಭದಲ್ಲಿ ಕಾಣಿಕೆಯೆಲ್ಲ ಕಾರ್ಯದರ್ಶಿಯ ಸ್ವಂತ ಉಳಿತಾಯ ಖಾತೆಗೆ ಸೇರುವುದುಂಟು. ಬ್ಯಾಂಕಿನ ಕೌಂಟರಿನೊಳಗೆ ಕುಳಿತವರಿಗೆ ಇದರ ಅಪಾಯ ಚೆನ್ನಾಗಿ ಗೋಚರಿಸುತ್ತದೆ: ಬಡ್ಡಿಯು ಅವರ ಆದಾಯವೆಂದೇ ಎಣಿಸಲ್ಪಡುತ್ತದೆ, ಅವರು ಕಾಲವಾದರೆ ಹಣ ನಾಮಿನಿಯ ಕೈಸೇರುತ್ತದೆ. ಅದು ದೇವರದೆಂದು ಸಾಧಿಸಿ ತೋರಿಸುವವರು ಯಾರು?

ಆದುದರಿಂದ ಮೊದಲು ನ್ಯಾಸಪತ್ರ ಬೇಕು. ಅನಂತರ ಮೂರು ತಿಂಗಳೊಳಗೆ, 1950ರಲ್ಲಿ ಮುಂಬಯಿಯ ಹೆಸರಿನಲ್ಲಿ ಜಾರಿಗೆ ಬಂದು ಈಗ ಮಹಾರಾಷ್ಟ್ರದ ಹೆಸರು ಹೊತ್ತಿರುವ ಸಾರ್ವಜನಿಕ ನ್ಯಾಸಗಳ ಕಾಯಿದೆಯಂತೆ, ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಇದು ಧರ್ಮದಲ್ಲಿ ಸರಕಾರದ ಹಸ್ತಕ್ಷೇಪವಲ್ಲವೇ ಎಂದು ಹಿರಿಯರು ಕೇಳುವುದುಂಟು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ಮೊಕದ್ದಮೆಗಳಲ್ಲಿ ಇದನ್ನು ವಿಚಾರಿಸಿತು. ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ, ಮದರಾಸಿನ ಕಾಯಿದೆ ವಿಧಿಸಿದ್ದ ವಂತಿಗೆ ಸರಕಾರದ ಸಾಮಾನ್ಯ ಬೊಕ್ಕಸಕ್ಕೆ ಸೇರುತ್ತಿದ್ದುದರಿಂದ, ಅದು ಶುಲ್ಕವಲ್ಲ, ತೆರಿಗೆಯೇ ಎಂದು ಅಸಿಂಧುವಾಯಿತು. ರತಿಲಾಲ್ ಗಾಂಧಿಯವರ ಮೊಕದ್ದಮೆಯಲ್ಲಾದರೋ, ಮುಂಬಯಿಯ ವಂತಿಗೆ ಪ್ರತ್ಯೇಕ ನಿಧಿಗೆ ಸೇರುತ್ತಿದ್ದುದರಿಂದ ಊರ್ಜಿತವಾಯಿತು. ಪೂಜೆಯ ವಿಧಿ ಭಕ್ತರದು. ಆಸ್ತಿಯ ಆಡಳಿತ ಕಾನೂನಿಗೆ ಒಳಪಟ್ಟದ್ದು.

ಆದಾಯ ತೆರಿಗೆಯ ಮಾತೇ ಬೇರೆ. ಧರ್ಮಾದಾಯ ನೋಂದಣಿಯಿಂದ ವಿನಾಯಿತಿ ತಾನಾಗಿ ಬಾರದು. ಆ ಇಲಾಖೆಗೆ ಪ್ರತ್ಯೇಕ ಅರ್ಜಿ ಸಲ್ಲಬೇಕು. ದೊರೆತ ಮೇಲೂ ಆದಾಯದ ಶೇಕಡಾ 85ರಷ್ಟು ನ್ಯಾಸದ ಉದ್ದೇಶಕ್ಕೇ ವಿನಿಯೋಗವಾಗಬೇಕು, ಇಲ್ಲವೇ ಕ್ರಮಬದ್ಧವಾಗಿ ತೆಗೆದಿರಿಸಲ್ಪಡಬೇಕು. ಹುಂಡಿಯ ಹೆಸರಿಲ್ಲದ ಕಾಣಿಕೆಗೆ, ಕೇವಲ ಧಾರ್ಮಿಕವಾದ ನೋಂದಾಯಿತ ಸಂಸ್ಥೆಯಲ್ಲಿ, ವಿಶೇಷ ತೆರಿಗೆಯ ಭಯವಿಲ್ಲ. ಆದರೆ ದಾನಿಗೆ ತನ್ನ ತೆರಿಗೆಯಲ್ಲಿ ರಿಯಾಯಿತಿ ಅಂಥ ಸಂಸ್ಥೆಯಿಂದ ಸಾಮಾನ್ಯವಾಗಿ ದೊರೆಯದು. ರಸೀದಿ ಹರಿಯುವ ಉತ್ಸಾಹದಲ್ಲಿ ಅದನ್ನು ಬಾಯಿಮಾತಿನಲ್ಲಿ ವಾಗ್ದಾನ ಮಾಡುವ ಪದಾಧಿಕಾರಿಗಳು ಇದನ್ನು ಗಮನಿಸತಕ್ಕದ್ದು.