ದ್ರಾಕ್ಷೆಯ ಹಣ್ಣು ಬಿರಿಯುವುದೇಕೆ?

ಶಿವರಾತ್ರಿಯ ಸುಮಾರಿಗೆ ವಿನೋಬನಗರದ ಬೀದಿಗಳಲ್ಲಿ ದ್ರಾಕ್ಷೆಯ ತಳ್ಳುಗಾಡಿಗಳು ಕಾಣಿಸಿಕೊಳ್ಳುತ್ತವೆ. ಗೊಂಚಲನ್ನು ಎತ್ತಿ ನೋಡಿದರೆ ಒಂದೆರಡು ಹಣ್ಣುಗಳ ಸಿಪ್ಪೆ ಸೀಳಿ, ರಸವು ಒಸರಿ, ನೊಣಗಳು ಮುತ್ತಿರುವುದುಂಟು. ಮಾರುವವನು ಅವುಗಳನ್ನು ಕಿತ್ತೆಸೆದು ತೂಗಿಕೊಡುತ್ತಾನೆ. ಬೆಳೆದವನಿಗಾದರೋ ಇದು ಒಂದೆರಡು ಹಣ್ಣಿನ ಮಾತಲ್ಲ. ವಿಜಯಪುರದ ಸೀಮೆಯವರು ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಬಳ್ಳಿಯನ್ನು ಸವರುತ್ತಾರೆ. ಇದಕ್ಕೆ ಅಲ್ಲಿ ಚಾಟ್ನಿ ಎಂದು ಹೆಸರು. ಹೀಗೆ ವರ್ಷವೆಲ್ಲ ದುಡಿದ ಮೇಲೆ ಹಣ್ಣು ಮಾಗುವ ಹೊತ್ತಿಗೆ ಅಕಾಲದ ಮಳೆಯೊಂದು ಬಿದ್ದರೆ ಫಸಲಿನ ಬಹುಭಾಗವು ಎರಡು ದಿನಗಳಲ್ಲಿ ಹಾಳಾಗಬಹುದು. ಬಿರಿದ ಹಣ್ಣು ಪೇಟೆಗೂ ಸಲ್ಲದು, ಒಳ್ಳೆಯ ಒಣದ್ರಾಕ್ಷೆಯೂ ಆಗದು.

ಕಾರಣವನ್ನು ತಿಳಿಯಲು ಅಡಿಗೆಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಬಹುದು. ತೊಟ್ಟು ಕೀಳದೆ ಕತ್ತರಿಯಿಂದ ಕತ್ತರಿಸಿದ, ತೆಳುಸಿಪ್ಪೆಯ ಮಾಗಿದ ಹಣ್ಣುಗಳನ್ನು ಕೆಲವನ್ನು ತಣ್ಣೀರಿನಲ್ಲಿಯೂ ಕೆಲವನ್ನು ಗಟ್ಟಿಯಾದ ಸಕ್ಕರೆ ಪಾಕದಲ್ಲಿಯೂ ಮುಳುಗಿಸಿಡಿರಿ. ನೀರಿನಲ್ಲಿಟ್ಟವುಗಳಲ್ಲಿ ಕೆಲವು ಮಾರನೆಯ ದಿನದೊಳಗೆ ಬಿರಿಯುವುದುಂಟು; ಪಾಕದಲ್ಲಿಟ್ಟವು ಬಿರಿಯುವುದಿಲ್ಲ. ತಿಳಿಯಾದ ನೀರು ಸಿಹಿಯಾದ ರಸವಿರುವ ಕಡೆಗೆ ಹರಿಯುವ ಈ ಗುಣವನ್ನೇ ಅಭಿಸರಣವೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಮಾಗಿದ ಹಣ್ಣಿನ ರಸದಲ್ಲಿ ನೂರಕ್ಕೆ 18ರಿಂದ 20 ಭಾಗ ಸಕ್ಕರೆ ಇರಬಹುದು. ಹುಳಿಗಾಯಿಯಲ್ಲಿ ಇಷ್ಟು ಸಕ್ಕರೆಯಿಲ್ಲ; ಆದುದರಿಂದಲೇ ಅದೇ ಮಳೆಗೆ ಕಾಯಿ ಉಳಿಯುತ್ತದೆ, ಹಣ್ಣು ಸೀಳುತ್ತದೆ.

ಬೇರು ಹೆಚ್ಚು ನೀರು ಕುಡಿದುದೇ ಕಾರಣವೆಂದು ಅನೇಕರು ಹೇಳುತ್ತಾರೆ. ಅದು ಅರ್ಧಸತ್ಯ. ಬಹುದಿನ ಒಣಗಿಸಿದ ತೋಟಕ್ಕೆ ಒಮ್ಮೆಲೇ ನೀರು ಹಾಯಿಸಿದರೆ ಹಣ್ಣು ಬಿರಿಯುವುದು ನಿಜ. ಆದರೆ ಹಣ್ಣಿನ ಮೈಮೇಲೆಯೇ ನಿಂತ ಮಳೆನೀರು ಸಿಪ್ಪೆಯ ಸಣ್ಣ ಬಿರುಕುಗಳ ಮೂಲಕವೂ ತೊಟ್ಟಿನ ಬುಡದಿಂದಲೂ ನೇರವಾಗಿ ಒಳಸೇರುತ್ತದೆ. ಮೋಡ ಕವಿದ ದಿನ ಹಣ್ಣಿನಿಂದ ನೀರು ಆವಿಯಾಗಿ ಹೋಗುವುದೂ ನಿಲ್ಲುತ್ತದೆ. ಹೀಗೆ ಒಳಗೆ ಬರುವುದು ಹೆಚ್ಚಿ, ಹೊರಗೆ ಹೋಗುವುದು ನಿಂತರೆ ಸಿಪ್ಪೆಯ ಗತಿಯೇನು?

ಹಣ್ಣಿನ ಮೇಲೆ ಬೂದಿ ಬಳಿದಂತೆ ಕಾಣುವ ಬಿಳುಪು ಸ್ವಾಭಾವಿಕವಾದ ಮೇಣ. ಅದು ನೀರನ್ನು ತಡೆಯುತ್ತದೆ. (ಒಣದ್ರಾಕ್ಷೆ ಮಾಡುವವರು ಪೊಟ್ಯಾಸಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಹಣ್ಣನ್ನು ಅದ್ದುವುದು ಈ ತಡೆಯನ್ನು ಕಳೆದು ಬೇಗ ಒಣಗಿಸುವುದಕ್ಕಾಗಿಯೇ.) ಗೊಂಚಲು ಬಹಳ ಒತ್ತಾಗಿದ್ದರೆ ಹಣ್ಣಿಗೆ ಹಣ್ಣು ಉಜ್ಜಿ ಆ ಜಾಗದಲ್ಲಿ ಮೇಣ ತೆಳುವಾಗುತ್ತದೆ, ಸಂದಿನಲ್ಲಿ ನೀರೂ ಬೇಗ ಆರದು. ಹಣ್ಣು ದಪ್ಪವಾದಷ್ಟೂ ಸಿಪ್ಪೆಯ ಮೇಲಿನ ಬಿಗಿತ ಹೆಚ್ಚು. ಪೇಟೆ ಮೆಚ್ಚುವ ದಪ್ಪ ಹಣ್ಣಿಗೆ ಬೆಳೆಗಾರನು ತೆರುವ ಬೆಲೆಯಿದು.

ಜಾತಿಯ ಭೇದಕ್ಕೆ ಇನ್ನೂ ಹಿಂದಿನ ಕಾರಣವುಂಟೆಂದು ನಮಗೆ ತೋರುತ್ತದೆ. ವಿಜಯಪುರದಲ್ಲಿ ಹೆಚ್ಚಾಗಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಎಂಬುದು ಪಶ್ಚಿಮ ಏಷ್ಯದ ಒಣನಾಡಿನ ಸುಲ್ತಾನಾ ಜಾತಿಯೇ. ಸತ್ಯವೇದದ ದೇಶದಲ್ಲಿಯೂ ಮಳೆ ಬೀಳುವುದು ಚಳಿಗಾಲದಲ್ಲಿ, ದ್ರಾಕ್ಷೆ ಮಾಗುವುದು ಮಳೆಯಿಲ್ಲದ ಬೇಸಗೆಯಲ್ಲಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿಯಾದರೋ ಬೇಸಗೆಯಲ್ಲಿಯೂ ಮಳೆ ಸುರಿಯುವ ಪೂರ್ವ ಅಮೆರಿಕದ ದ್ರಾಕ್ಷೆಯ ಸಂಬಂಧವುಳ್ಳದ್ದು. ಅದರ ಸಿಪ್ಪೆ ದಪ್ಪ. ಹಿಸುಕಿದರೆ ತಿರುಳು ಜಾರಿ ಹೊರಬರುತ್ತದೆ. ವರ್ಷಕ್ಕೆ ಎರಡು ಫಸಲು ಕೊಡುವ ಆ ಬಳ್ಳಿ ಮಳೆಯನ್ನು ಹೆಚ್ಚು ಸಹಿಸುತ್ತದೆ. ತಿನ್ನುವಾಗ ಸಿಪ್ಪೆ ಒರಟೆಂದು ಮಕ್ಕಳು ಉಗುಳುವುದನ್ನು ನೋಡಿದ್ದೇವೆ!

ಎಳೆಗಾಯಿಗಳನ್ನು ಕತ್ತರಿಸಿ ಗೊಂಚಲನ್ನು ವಿರಳಗೊಳಿಸುವುದು, ನೀರನ್ನು ಒಂದೇ ಪ್ರಮಾಣದಲ್ಲಿ ಕೊಡುವುದು, ಮಳೆ ನಿಂತೊಡನೆ ಬಳ್ಳಿಯನ್ನು ಅಲ್ಲಾಡಿಸಿ ಹನಿ ಉದುರಿಸುವುದು, ಅನುಕೂಲವಿದ್ದವರು ಪ್ಲಾಸ್ಟಿಕ್ ಹೊದಿಕೆ ಹಾಕುವುದು, ಇವು ಬೆಳೆಗಾರನ ಉಪಾಯಗಳು. ಮನೆಗೆ ತಂದವರು ಬಿರಿದ ಹಣ್ಣುಗಳನ್ನು ಕೂಡಲೆ ಬೇರೆಮಾಡಬೇಕು. ಬೂಷ್ಟು ಅಲ್ಲಿಂದಲೇ ಗೊಂಚಲಿಗೆಲ್ಲ ಹರಡುತ್ತದೆ. ಉಳಿದವುಗಳನ್ನು ತೊಳೆಯದೆ ಇಟ್ಟು, ತಿನ್ನುವ ಹೊತ್ತಿಗೆ ಚೆನ್ನಾಗಿ ತೊಳೆಯುವುದು ಮೇಲು.